ಪ್ರಯೋಗಶಾಲೆಯ ಬಾಗಿಲು, ಕಚೇರಿಯ ಕಿಟಕಿ

ಕಳೆದ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ವಾಚನಾಲಯದ ಬೀಗ ತೆಗೆದು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುತ್ತಿದ್ದಾಗ ನಮ್ಮ ಹಳೆಯ ಸದಸ್ಯರೊಬ್ಬರು ಬಂದು ಬೆಂಚಿನ ತುದಿಯಲ್ಲಿ ಕುಳಿತರು. ಧಾರವಾಡದ ಕಡೆಯವರು, ಇಲ್ಲಿನ ಒಂದು ಸರಕು ಸಾಗಣೆ ಕಚೇರಿಯಲ್ಲಿ ಲೆಕ್ಕ ಬರೆಯುತ್ತಾರೆ. ಬಂದೊಡನೆ ಊರಿನ ಪತ್ರಿಕೆಯನ್ನು ಹುಡುಕುವುದು ಅವರ ರೂಢಿ. ಅಂದು ಹುಡುಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕದರೀ. ಖರೆ, ಹಾಸ್ಟೆಲ್ ಇಲ್ಲ ಅಂತಾರ. ಅವರವ್ವ ಹಂಗಾದ್ರ ಬ್ಯಾಡೇ ಬ್ಯಾಡ ಅನ್ನಾಕತ್ತಾಳ. ನೀವು ಕಾಲೇಜಿನ ಕಚೇರ್ಯಾಗ ಇದ್ದವರು, ಯಾರನ್ನ ಕೇಳಬೇಕು ಹೇಳ್ರಿ” ಎಂದರು.

ನನಗೆ ತೋಚಿದ್ದನ್ನು ಹೇಳಿದೆ. ಅವರು ಕೇಳಿಕೊಂಡು ಹೋದರು. ಆದರೆ ಸರಿಯಾದ ಉತ್ತರ ಕೊಡಲಿಲ್ಲವೆಂಬ ಕೊರಗು ನನ್ನಲ್ಲಿ ಉಳಿಯಿತು. ಹೆಣ್ಣುಮಗಳೊಬ್ಬಳು ವಿಜ್ಞಾನವನ್ನೋ ಇಂಜಿನಿಯರಿಂಗನ್ನೋ ಕಲಿಯಲು ಹೊರಟಾಗ ಅವಳ ಬುದ್ಧಿಶಕ್ತಿಯ ಮಾತನ್ನು ಎಲ್ಲರೂ ಆಡುತ್ತಾರೆ. ಗುರುಗಳ ಮಾತನ್ನೂ ಆಡುತ್ತಾರೆ. ಆದರೆ ಅವಳು ಅಲ್ಲಿ ನಿಲ್ಲುವಳೋ ಹಿಂದಿರುಗುವಳೋ ಎಂಬುದು ಎಷ್ಟೋ ಸಲ ತೀರ್ಮಾನವಾಗುವುದು ಪ್ರವೇಶ ವಿಭಾಗದ ಕಿಟಕಿಯಲ್ಲಿ, ವಿದ್ಯಾರ್ಥಿನಿಲಯದ ಕೋಣೆಗಳ ಪಟ್ಟಿಯಲ್ಲಿ, ರಜೆಯ ಅರ್ಜಿಯ ಮೇಲೆ ಬೀಳುವ ಷರಾದಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ವಾಚಕರಲ್ಲಿ ಬಹುಮಂದಿ ಗುಮಾಸ್ತರು. ಅಂದರೆ ಒಂದಲ್ಲ ಒಂದು ಗರ್ಭಗುಡಿಯ ಪೂಜಾರಿಗಳು. ಆದ್ದರಿಂದ ಈ ವಿಷಯವನ್ನು ಕಚೇರಿಯ ಕಡೆಯಿಂದ ನೋಡೋಣವೆಂದು ಹೊರಟಿದ್ದೇನೆ.

ಮದರಾಸಿನಿಂದ ಆರಂಭಿಸುತ್ತೇನೆ. ಗಿಂಡಿಯ ಇಂಜಿನಿಯರಿಂಗ್ ಕಾಲೇಜು ನಮ್ಮ ದೇಶದ ಅತ್ಯಂತ ಹಳೆಯ ತಾಂತ್ರಿಕ ವಿದ್ಯಾಲಯಗಳಲ್ಲಿ ಒಂದು. ೧೯೪೦ರವರೆಗೆ ಅಲ್ಲಿ ಓದಿದವರೆಲ್ಲ ಗಂಡಸರೇ. ಆ ವರ್ಷ ಎ. ಲಲಿತಾ ಎಂಬ ಯುವತಿ ವಿದ್ಯುಚ್ಛಕ್ತಿ ಇಂಜಿನಿಯರಿಂಗ್ ಕಲಿಯಲು ಅರ್ಜಿ ಹಾಕಿದರು. ಆಕೆಗೆ ಹದಿನೈದನೆಯ ವಯಸ್ಸಿನಲ್ಲಿ ಮದುವೆಯಾಗಿತ್ತು. ಹದಿನೆಂಟಕ್ಕೆ ಗಂಡ ತೀರಿಕೊಂಡಾಗ ಕಂಕುಳಲ್ಲಿ ನಾಲ್ಕು ತಿಂಗಳ ಹೆಣ್ಣುಕೂಸು. ಆ ಕಾಲದಲ್ಲಿ ಅಂಥವರ ಪಾಡು ಏನಾಗುತ್ತಿತ್ತೆಂಬುದನ್ನು ವಿವರಿಸುವ ಅಗತ್ಯವಿಲ್ಲ. ಲಲಿತಾ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದರು. ವೈದ್ಯವಿದ್ಯೆ ಓದಬಹುದಿತ್ತು, ಆದರೆ ಹೊತ್ತುಗೊತ್ತಿಲ್ಲದೆ ಕರೆ ಬರುವ ಆ ವೃತ್ತಿ ಮಗುವಿನ ತಾಯಿಗೆ ಒಗ್ಗದೆಂದು ಎಣಿಸಿ, ಹೊತ್ತಿಗೆ ಸರಿಯಾಗಿ ಮನೆ ಸೇರಬಹುದಾದ ಕೆಲಸವನ್ನು ಬಯಸಿದರು. ತಂದೆ ಪಪ್ಪು ಸುಬ್ಬರಾಯರು ಗಿಂಡಿಯಲ್ಲೇ ವಿದ್ಯುಚ್ಛಕ್ತಿ ವಿಭಾಗದ ಪ್ರಾಧ್ಯಾಪಕರು.

ತಂದೆ ಪ್ರಾಧ್ಯಾಪಕರಾದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಪ್ರಾಚಾರ್ಯ ಕೆ. ಸಿ. ಚಾಕೋ ಅವರು ಒಪ್ಪಬೇಕಾಯಿತು; ಅವರ ಮೇಲೆ ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದ ಆರ್. ಎಂ. ಸ್ಟ್ಯಾಥಮ್ ಅವರ ಮಂಜೂರಾತಿ ಬೇಕಾಯಿತು. ಇಬ್ಬರೂ ಒಪ್ಪಿದರು. ಕಚೇರಿಯ ಕೆಲಸ ಬಲ್ಲವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹಿಂದೆ ನಡೆದ ಉದಾಹರಣೆಯಿಲ್ಲದ ಅರ್ಜಿ ಮೇಜಿಗೆ ಬಂದಾಗ ಮೇಲಧಿಕಾರಿಗೆ ಅತ್ಯಂತ ಸುಲಭವಾದ ದಾರಿಯೆಂದರೆ “ಪೂರ್ವನಿದರ್ಶನವಿಲ್ಲ” ಎಂದು ಬರೆದು ಹಿಂದಕ್ಕೆ ಕಳಿಸುವುದು. ಹಾಗೆ ಬರೆದವನನ್ನು ಯಾರೂ ಪ್ರಶ್ನಿಸುವುದಿಲ್ಲ. ಈ ಇಬ್ಬರು ಹಾಗೆ ಬರೆಯಲಿಲ್ಲ.

ಸೇರಿದ್ದಾಯಿತು. ನೂರಾರು ಹುಡುಗರ ನಡುವೆ ಒಬ್ಬಳೇ ಹುಡುಗಿ. ವಿದ್ಯಾರ್ಥಿನಿಲಯದಲ್ಲಿ ಪ್ರತ್ಯೇಕ ವ್ಯವಸ್ಥೆ ಮಾಡಿಕೊಟ್ಟರು. ಮಗುವನ್ನು ಹತ್ತಿರದಲ್ಲಿದ್ದ ಬಂಧುಗಳ ಮನೆಯಲ್ಲಿ ಬಿಟ್ಟು, ವಾರದ ಕೊನೆಗೆ ಹೋಗಿ ನೋಡಿಬರುತ್ತಿದ್ದರು. ಪಾಠ ಕಷ್ಟವಾಗಲಿಲ್ಲ, ಸಹಪಾಠಿಗಳೂ ಒರಟಾಗಿ ನಡೆದುಕೊಳ್ಳಲಿಲ್ಲವಂತೆ. ಕಾಡಿದ್ದು ಒಂಟಿತನ. ಅದನ್ನು ಕಂಡು ತಂದೆ, ಹೆಣ್ಣುಮಕ್ಕಳಿಗೂ ಕಾಲೇಜಿನಲ್ಲಿ ಪ್ರವೇಶವುಂಟೆಂದು ಜಾಹೀರಾತು ಕೊಡುವಂತೆ ಕಾಲೇಜಿನವರನ್ನು ಒಪ್ಪಿಸಿದರು. ಪಿ. ಕೆ. ತ್ರೇಸ್ಯಾ, ಲೀಲಮ್ಮ ಜಾರ್ಜ್ ಎಂಬ ಇನ್ನಿಬ್ಬರು ಬಂದು ಸಿವಿಲ್ ಇಂಜಿನಿಯರಿಂಗಿಗೆ ಸೇರಿದರು. ಎರಡನೆಯ ಮಹಾಯುದ್ಧದ ಕಾರಣ ಪಾಠಕ್ರಮವನ್ನು ಕೆಲವು ತಿಂಗಳು ಮೊಟಕು ಮಾಡಿದ್ದರಿಂದ ಮೂವರೂ ಒಟ್ಟಿಗೇ ಹೊರಬಂದರು. ಅವರ ಪದವಿಪತ್ರಗಳ ಅಚ್ಚಾದ ನಮೂನೆಯಲ್ಲಿ ಇಂಗ್ಲಿಷಿನಲ್ಲಿ “ಅವನು” ಎಂದಿತ್ತು. ಯೂನಿವರ್ಸಿಟಿಯ ಕಚೇರಿಯವರು ಅದನ್ನು ಹೊಡೆದುಹಾಕಿ ಕೈಯಲ್ಲೇ “ಅವಳು” ಎಂದು ತಿದ್ದಿ ಕೊಟ್ಟರು. ಆ ತಿದ್ದುಪಡಿ ಮಾಡಿದ ಗುಮಾಸ್ತ ಯಾರೋ, ಅವನ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಒಂದು ಗೆರೆ ಎಳೆದು ಒಂದು ಶಬ್ದ ಬರೆದ ಆ ಲೇಖನಿಯ ಮೇಲೆ ನನಗೆ ಬಹಳ ಗೌರವ.

ಲಲಿತಾ ಮುಂದೆ ಜಮಾಲ್‌ಪುರದ ರೈಲ್ವೆ ಕಾರ್ಯಾಗಾರದಲ್ಲಿ ತರಬೇತಿ ಪಡೆದರು. ಸಿಮ್ಲಾದಲ್ಲಿ ಕೆಲಸ ಮಾಡಿದರು. ೧೯೪೮ರಲ್ಲಿ ಕಲಕತ್ತೆಯ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸೇರಿ, ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಕೆಲಸದಲ್ಲೂ ಭಾಗವಹಿಸಿದರು. ೧೯೬೪ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಇಂಜಿನಿಯರರ ಹಾಗೂ ವಿಜ್ಞಾನಿಗಳ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಅಲ್ಲಿಗೂ ಹೋಗಿಬಂದರು. ತ್ರೇಸ್ಯಾ ಅವರು ೧೯೭೧ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಆದರು.

ಇನ್ನು ನಮ್ಮ ಬೆಂಗಳೂರಿಗೆ ಬರೋಣ. ಇಲ್ಲಿಯ ಕಥೆ ಅಷ್ಟು ಹಿತವಾದದ್ದಲ್ಲ. ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಮೇಲ್ಮಟ್ಟದಲ್ಲಿ ತೇರ್ಗಡೆಯಾದ ಕಮಲಾ ಭಾಗವತ್ ಎಂಬ ತರುಣಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ನಮ್ಮವರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದರು. ಕಮಲಾ ಅವರ ತಂದೆಯೂ ಚಿಕ್ಕಪ್ಪನೂ ಅಲ್ಲಿಯೇ ರಸಾಯನಶಾಸ್ತ್ರ ಓದಿದವರು. ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣೆಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ನಿರಾಕರಿಸಿದರು. ಕಮಲಾ ಬಿಡಲಿಲ್ಲ, ಬೆಂಗಳೂರಿಗೇ ಬಂದು ಎದುರು ನಿಂತು ಕಾರಣ ಕೇಳಿದರು. ಕೊನೆಗೆ ರಾಮನ್ ಷರತ್ತು ಹಾಕಿ ಸೇರಿಸಿಕೊಂಡರು: ಒಂದು ವರ್ಷ ಪರೀಕ್ಷಾರ್ಥವಾಗಿ ಇರಬೇಕು; ಕೆಲಸ ತೃಪ್ತಿಕರವೆಂದು ತಾವು ಒಪ್ಪುವವರೆಗೆ ಅದಕ್ಕೆ ಮನ್ನಣೆಯಿಲ್ಲ; ಆಕೆಯಿಂದ ಗಂಡಸರ ಕೆಲಸಕ್ಕೆ ಭಂಗ ಬರಕೂಡದು. ರಾಮನ್ ಅವರ ವಿಜ್ಞಾನಕ್ಕೆ ಕೈಮುಗಿಯುವ ನಾವು ಈ ಮಾತನ್ನು ಮುಚ್ಚಿಡಬೇಕಾಗಿಲ್ಲ. ದೊಡ್ಡವರ ದೊಡ್ಡತನವೂ ಅವರ ಕಾಲದ ಸಣ್ಣತನವೂ ಒಂದೇ ಮನೆಯಲ್ಲಿ ವಾಸ ಮಾಡುವುದುಂಟು.

ಆ ವರ್ಷ ಅವರನ್ನು ಕಾದದ್ದು ಎಂ. ಶ್ರೀನಿವಾಸಯ್ಯ ಎಂಬ ಅಧ್ಯಾಪಕರು. ಜೀವರಸಾಯನ ವಿಭಾಗದಲ್ಲಿ ಕಟ್ಟುನಿಟ್ಟಾಗಿ ಕೆಲಸ ಕಲಿಸಿದರು. ಹಾಲು, ಬೇಳೆಕಾಳುಗಳ ಸಸಾರಜನಕ ಪದಾರ್ಥಗಳ ಮೇಲೆ ಸಂಶೋಧನೆ ಮಾಡಿಸಿದರು. ವರ್ಷ ಕಳೆಯಿತು, ರಾಮನ್ ಒಪ್ಪಿದರು, ಮತ್ತು ಆ ಮೇಲೆ ಇತರ ಹೆಣ್ಣುಮಕ್ಕಳಿಗೂ ಪ್ರವೇಶ ದೊರೆಯಿತು. ಕಮಲಾ ೧೯೩೯ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದು ಬಂದರು, ಮದುವೆಯಾದ ಮೇಲೆ ಕಮಲಾ ಸೊಹೋನಿಯಾಗಿ ಇದೇ ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳುತ್ತ, ನೀರಾದ ಪೌಷ್ಟಿಕ ಗುಣವನ್ನು ಶೋಧಿಸುತ್ತ ಬಹುಕಾಲ ಕಳೆದರು. ನಾವು ಚರ್ಚ್‌ಗೇಟಿನಿಂದ ಕೋಟೆಯ ಕಡೆಗೆ ಕಚೇರಿಗೆ ನಡೆಯುವ ದಾರಿಗೆ ಆ ಸಂಸ್ಥೆ ದೂರವಲ್ಲ.

ಷರತ್ತು ಹಾಕಿದವನನ್ನಾದರೂ ಎದುರು ನಿಂತು ಕೇಳಬಹುದು. ನಿಯಮದ ಪುಸ್ತಕವನ್ನು ಕೇಳುವುದು ಹೇಗೆ? ಅಣ್ಣಾ ಮಣಿ ಅವರ ಸಂಗತಿಯನ್ನು ನೋಡಿರಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಪದವಿ ಪಡೆದು, ೧೯೪೦ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬೆಂಗಳೂರಿನ ಅದೇ ಸಂಸ್ಥೆಗೆ ಬಂದು, ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರ, ಮಾಣಿಕ್ಯಗಳಿಂದ ಹೊರಡುವ ಬೆಳಕನ್ನು ಪರೀಕ್ಷಿಸುತ್ತಿದ್ದರು. ಒಂದೊಂದು ಛಾಯಾಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಿಸಬೇಕು; ರಾತ್ರಿ ಪ್ರಯೋಗಶಾಲೆಯಲ್ಲೇ ಮಲಗುವುದು ವಾಡಿಕೆ. ೧೯೪೨ರಿಂದ ೧೯೪೫ರೊಳಗೆ ಐದು ಪ್ರಬಂಧಗಳನ್ನು ಒಬ್ಬರೇ ಪ್ರಕಟಿಸಿದರು. ೧೯೪೫ರ ಆಗಸ್ಟಿನಲ್ಲಿ ಪಿಎಚ್.ಡಿ.ಗೆ ಮಹಾಪ್ರಬಂಧ ಒಪ್ಪಿಸಿದರು. ಆಗ ಆ ಸಂಸ್ಥೆಯ ಕೆಲಸಕ್ಕೆ ಪದವಿ ಕೊಡುತ್ತಿದ್ದುದು ಮದರಾಸು ವಿಶ್ವವಿದ್ಯಾಲಯ. ಅವರು ಕಡತ ತೆರೆದು ನೋಡಿದರು: ಅಭ್ಯರ್ಥಿಗೆ ಎಂ.ಎಸ್ಸಿ. ಇಲ್ಲ. ಪದವಿ ಕೊಡಲಾಗುವುದಿಲ್ಲ. ಆನರ್ಸ್ ಪದವಿಯ ಆಧಾರದ ಮೇಲೆಯೇ ಆಕೆಗೆ ಸಂಶೋಧನ ವೇತನ ಸಿಕ್ಕಿತ್ತೆಂಬುದನ್ನು ಯಾರೂ ಗಮನಿಸಲಿಲ್ಲ. ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಪುಸ್ತಕ ಭಂಡಾರದಲ್ಲಿ ಇತರ ಮಹಾಪ್ರಬಂಧಗಳ ಸಾಲಿನಲ್ಲೇ ಕುಳಿತಿತು. ಪದವಿ ಮಾತ್ರ ಬರಲಿಲ್ಲ.

ಅಣ್ಣಾ ಮಣಿ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆ ಕಲಿತು, ೧೯೪೮ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಸೇರಿದರು. ಮಳೆ ಅಳೆಯುವ, ಗಾಳಿ ಅಳೆಯುವ, ಬಿಸಿಲು ಅಳೆಯುವ ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿ, ಅವು ನಮ್ಮ ದೇಶದಲ್ಲೇ ತಯಾರಾಗುವಂತೆ ಮಾಡಿದರು. ೧೯೭೬ರಲ್ಲಿ ಉಪಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಪದವಿ ಇಲ್ಲದಿದ್ದರೂ ಬೆಳೆದರಲ್ಲ ಎಂದು ಯಾರಾದರೂ ಹೇಳಬಹುದು. ಆಕೆ ಬೆಳೆದರು, ನಿಜ. ಅಷ್ಟು ಗಟ್ಟಿಯಲ್ಲದವರು ಅಲ್ಲಿಗೇ ಕೈಚೆಲ್ಲಿ ಮನೆಗೆ ಹೋಗಿರುತ್ತಾರೆ, ಮತ್ತು ಅವರ ಹೆಸರುಗಳನ್ನು ನಾನು ಇಲ್ಲಿ ಬರೆಯಲಾರೆ. ಏಕೆಂದರೆ ಅವರು ಯಾರೆಂಬುದೇ ಯಾರಿಗೂ ತಿಳಿಯದು.

ಅಂಥವರಲ್ಲಿ ಒಬ್ಬರನ್ನು ನಾನು ಬಲ್ಲೆ. ಹೇಳಿಕೊಳ್ಳಲು ಹೆಮ್ಮೆಯ ಸಂಗತಿಯಲ್ಲ. ನಾನು ಒಂದು ಕಾಲೇಜಿನ ಪ್ರವೇಶ ವಿಭಾಗದಲ್ಲಿ ಕುಳಿತಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಎಂ.ಎಸ್ಸಿ.ಗೆ ಅರ್ಜಿ ತಂದರು. ಬಿ.ಎಸ್ಸಿ. ಅಂಕಪಟ್ಟಿಯಲ್ಲಿ ತವರಿನ ಹೆಸರು. ಅರ್ಜಿಯಲ್ಲಿ ಗಂಡನ ಮನೆಯ ಹೆಸರು. “ಹೆಸರು ತಾಳೆಯಾಗುವುದಿಲ್ಲ, ಅಫಿಡವಿಟ್ ಮಾಡಿಸಿ ತನ್ನಿ” ಎಂದು ಹಿಂದಿರುಗಿಸಿದೆ. ನಿಯಮ ಹಾಗೆಯೇ ಇತ್ತು. ನಾನು ತಪ್ಪು ಮಾಡಲಿಲ್ಲ. ಆದರೆ ಕೊನೆಯ ದಿನಾಂಕಕ್ಕೆ ಎರಡೇ ದಿನ ಉಳಿದಿತ್ತು, ಮತ್ತು ಅರ್ಜಿಯನ್ನು ತೆಗೆದುಕೊಂಡು ಅಫಿಡವಿಟ್ಟನ್ನು ಆಮೇಲೆ ಸೇರಿಸಲು ಮೇಲಧಿಕಾರಿಯ ಅಪ್ಪಣೆ ಪಡೆಯಬಹುದಿತ್ತು. ಎದ್ದು ಎರಡು ಕೋಣೆ ದಾಟಿ ಹೋಗಿ ಕೇಳಬೇಕಿತ್ತು, ಅಷ್ಟೆ. ಕಿಟಕಿಯ ಮುಂದೆ ಸಾಲು ಉದ್ದವಿತ್ತು, ನಾನು ಏಳಲಿಲ್ಲ. ಆಕೆ ಮತ್ತೆ ಬರಲಿಲ್ಲ.

ಕಚೇರಿಯವರು ಮನಸ್ಸು ಮಾಡಿದರೆ ಏನಾಗುತ್ತದೆ, ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪೂರ್ಣವಾದ ದಾಖಲೆ ಬೇಕೆಂದರೆ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಚರಿತ್ರೆಯನ್ನು ಓದಬೇಕು. ಎಂ.ಐ.ಟಿ. ಎಂಬ ಅದರ ಹೆಸರನ್ನು ಓದುಗರು ಕೇಳಿಯೇ ಇರುತ್ತಾರೆ. ೧೮೭೦ರಲ್ಲಿ ಎಲೆನ್ ಸ್ವಾಲೋ ಎಂಬಾಕೆ ರಸಾಯನಶಾಸ್ತ್ರ ಕಲಿಯಲು ಬಂದಾಗ ಅವರಿಂದ ಶುಲ್ಕ ತೆಗೆದುಕೊಳ್ಳಲಿಲ್ಲ. ಎಂಥ ಔದಾರ್ಯವೆಂದು ಆಕೆ ಮೊದಲು ತಿಳಿದರಂತೆ. ನಿಜವಾದ ಕಾರಣ ಬೇರೆ: ಶುಲ್ಕ ಪಡೆಯದಿದ್ದರೆ, ಯಾರಾದರೂ ಆಕ್ಷೇಪಿಸಿದಾಗ “ಆಕೆ ನಮ್ಮ ವಿದ್ಯಾರ್ಥಿನಿಯಲ್ಲ” ಎಂದು ಹೇಳಿಬಿಡಬಹುದು! ಲೆಕ್ಕಪತ್ರದ ಈ ಜಾಣತನ ನಮಗೆ ಹೊಸದೇನೂ ಅಲ್ಲ. ಆಕೆ ೧೮೭೩ರಲ್ಲಿ ಪದವಿ ಪಡೆದರು. ೧೮೭೬ರಲ್ಲಿ ಹೆಂಗಸರಿಗಾಗಿ ಒಂದು ಪ್ರಯೋಗಶಾಲೆ ತೆರೆದಾಗ ಅದರಲ್ಲಿ ಸಂಬಳವಿಲ್ಲದೆ ಪಾಠ ಹೇಳಿದರು. ೧೮೮೩ರಲ್ಲಿ ಆ ಶಾಲೆಯನ್ನು ಮುಚ್ಚಿದರು. ಅಷ್ಟರಲ್ಲಿ ಹೆಂಗಸರನ್ನೂ ಉಳಿದವರಂತೆಯೇ ಸೇರಿಸಿಕೊಳ್ಳುವ ಏರ್ಪಾಡಾಗಿತ್ತು. ಮರುವರ್ಷ ಹೆಣ್ಣುಮಕ್ಕಳಿಗಾಗಿಯೇ ಒಂದು ಕೋಣೆಯನ್ನು, ಅಕಾಲದಲ್ಲಿ ತೀರಿಕೊಂಡ ಮಾರ್ಗರೆಟ್ ಚೀನಿ ಎಂಬ ವಿದ್ಯಾರ್ಥಿನಿಯ ನೆನಪಿಗೆ, ವಾಚನ ಕೊಠಡಿಯಾಗಿ ಬಿಟ್ಟುಕೊಟ್ಟರು. ಕುಳಿತು ಓದಲು, ಊಟದ ಡಬ್ಬಿ ಬಿಚ್ಚಲು, ಆಯಾಸ ಪರಿಹರಿಸಿಕೊಳ್ಳಲು ಒಂದು ಜಾಗ. ದೂರದ ಊರಿನಲ್ಲಿ ಒಂದು ವಾಚನಾಲಯದ ಬೆಂಚು ಎಷ್ಟು ದೊಡ್ಡ ಆಸರೆಯೆಂಬುದನ್ನು ನಮ್ಮ ಸದಸ್ಯರಿಗೆ ನಾನು ಹೇಳಬೇಕೆ?

ಬಾಗಿಲು ತೆರೆದಿದ್ದರೂ ಅಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಬಹುಕಾಲ ಏರಲಿಲ್ಲ. ಕಾರಣ ಹಾಸಿಗೆಗಳು. ೧೯೪೫ರ ಸುಮಾರಿಗೆ ನದಿಯ ಆಚೆ ದಡದ ಬಾಸ್ಟನ್ನಿನಲ್ಲಿ ಒಂದು ಮನೆಯನ್ನು ಹುಡುಗಿಯರ ವಸತಿಗೆಂದು ಮಾಡಿದ್ದರು. ಅದರಲ್ಲಿ ಹಿಡಿಸುತ್ತಿದ್ದುದು ಸುಮಾರು ಇಪ್ಪತ್ತು ಮಂದಿ. ವಸತಿ ಇದ್ದಷ್ಟೇ ಪ್ರವೇಶ. ಅಂದರೆ ಇಡೀ ಅಮೆರಿಕದಿಂದ ಎಷ್ಟು ಹುಡುಗಿಯರು ಅಲ್ಲಿ ಇಂಜಿನಿಯರಿಂಗ್ ಕಲಿಯಬಹುದೆಂಬುದನ್ನು ತೀರ್ಮಾನಿಸಿದ್ದು ಗಣಿತದ ಅಂಕವಲ್ಲ, ಮಂಚಗಳ ಲೆಕ್ಕ. ೧೯೦೪ರಲ್ಲಿ ಅಲ್ಲಿಯೇ ಓದಿ ಪದವಿ ಪಡೆದಿದ್ದ ಕ್ಯಾಥರೀನ್ ಮೆಕ್‌ಕಾರ್ಮಿಕ್ ಎಂಬ ಶ್ರೀಮಂತ ವೃದ್ಧೆ ಇದನ್ನು ಅರ್ಥಮಾಡಿಕೊಂಡರು. ಕೆಟ್ಟ ಹವೆಯ ದಿನಗಳಲ್ಲಿ ಆ ಹುಡುಗಿಯರು ಸೇತುವೆ ದಾಟಿ ಬರಲು ಟ್ಯಾಕ್ಸಿಯ ಖರ್ಚನ್ನು ಮೊದಲು ತಾವೇ ಕೊಟ್ಟರು. ಆಮೇಲೆ ವಿದ್ಯಾಸಂಸ್ಥೆಯ ಆವರಣದಲ್ಲೇ ವಿದ್ಯಾರ್ಥಿನಿನಿಲಯ ಕಟ್ಟಲು ಹಣ ಕೊಟ್ಟರು. ೧೯೬೩ರಲ್ಲಿ ಅದು ತೆರೆಯಿತು. ಆ ಮೇಲೆ ಸಂಖ್ಯೆ ಏರಿತು.

ಅಲ್ಲಿಗೂ ಕಥೆ ಮುಗಿಯಲಿಲ್ಲ. ೧೯೯೪ರಲ್ಲಿ ಅದೇ ಸಂಸ್ಥೆಯ ಜೀವಶಾಸ್ತ್ರದ ಪ್ರಾಧ್ಯಾಪಕಿ ನ್ಯಾನ್ಸಿ ಹಾಪ್‌ಕಿನ್ಸ್ ತಮ್ಮ ಸಂಶೋಧನೆಯ ಮೀನುಗಳ ತೊಟ್ಟಿ ಇಡಲು ಇನ್ನೂರು ಚದರಡಿ ಜಾಗ ಹೆಚ್ಚಿಗೆ ಕೇಳಿದರು. ನಿಮಗೆ ಬೇರೆಯವರಷ್ಟೇ ಜಾಗ ಇದೆಯಲ್ಲ ಎಂಬ ಉತ್ತರ ಬಂತು. ಆಕೆ ವಾದ ಮಾಡಲಿಲ್ಲ. ಅಳತೆಪಟ್ಟಿ ಹಿಡಿದು, ರಾತ್ರಿ ಎಲ್ಲರೂ ಹೋದ ಮೇಲೆ, ಪ್ರತಿಯೊಬ್ಬರ ಪ್ರಯೋಗಶಾಲೆಯನ್ನೂ ಅಳೆದರು. ತಮಗೆ ಸುಮಾರು ೧,೫೦೦ ಚದರಡಿ. ತಮ್ಮ ಸರಿಸಮಾನ ಪುರುಷರಿಗೆ ಸರಾಸರಿ ೩,೦೦೦. ನಮ್ಮ ಸದಸ್ಯರಲ್ಲಿ ಗೋದಾಮಿನ ಲೆಕ್ಕ ಇಡುವವರು ಈ ವಿಧಾನವನ್ನು ಮೆಚ್ಚುತ್ತಾರೆ. ಬಳಿಕ ಆಕೆ ಇತರ ಪ್ರಾಧ್ಯಾಪಕಿಯರನ್ನು ಕೇಳಿಕೊಂಡು ಹೋದಾಗ ತಿಳಿದದ್ದೇನೆಂದರೆ, ವಿಜ್ಞಾನದ ಆರು ವಿಭಾಗಗಳಲ್ಲಿ ಖಾಯಂ ಪ್ರಾಧ್ಯಾಪಕರು ಸುಮಾರು ಇನ್ನೂರು ಗಂಡಸರು, ಹದಿನೈದೇ ಹೆಂಗಸರು! ಪ್ರತಿಯೊಬ್ಬರೂ ಇದು ತಮ್ಮೊಬ್ಬರ ದುರದೃಷ್ಟವೆಂದು ತಿಳಿದು ಸುಮ್ಮನಿದ್ದವರು.

ಇಲ್ಲಿ ನಾನು ಬಹಳ ಮೆಚ್ಚುವುದು ಆಡಳಿತದವರ ನಡೆಯನ್ನು. ವಿಜ್ಞಾನ ವಿಭಾಗದ ಡೀನ್ ರಾಬರ್ಟ್ ಬರ್ಜೆನೋ ದೂರನ್ನು ತಳ್ಳಿಹಾಕಲಿಲ್ಲ. ಒಂದು ಸಮಿತಿ ನೇಮಿಸಿ ಸಂಬಳ, ಜಾಗ, ಸಮಿತಿಗಳ ಸದಸ್ಯತ್ವ, ಬಹುಮಾನ, ಇವೆಲ್ಲದರ ಲೆಕ್ಕ ತೆಗೆಸಿದರು. ವ್ಯತ್ಯಾಸ ಕಂಡಲ್ಲಿ ಸರಿಪಡಿಸಿದರು. ವರದಿಯ ಸಾರಾಂಶ ೧೯೯೯ರಲ್ಲಿ ಬಹಿರಂಗವಾದಾಗ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಅದಕ್ಕೆ ತಾವೇ ಟಿಪ್ಪಣಿ ಬರೆದು, ಈ ತಾರತಮ್ಯದಲ್ಲಿ ಭಾವನೆಯ ಪಾಲಿಗಿಂತ ವಾಸ್ತವದ ಪಾಲೇ ಬಹಳ ಹೆಚ್ಚೆಂದು ಒಪ್ಪಿಕೊಂಡರು. ತಪ್ಪು ನಡೆದಿದೆಯೆಂದು ಸಂಸ್ಥೆಯೊಂದು ತನ್ನ ಸಹಿ ಹಾಕಿ ಒಪ್ಪಿಕೊಳ್ಳುವುದು ಎಲ್ಲಿಯೂ ದಿನನಿತ್ಯದ ಸಂಗತಿಯಲ್ಲ.

ಅಮೆರಿಕದ್ದೇ ಇನ್ನೊಂದು ಉದಾಹರಣೆ. ಇದು ನಮ್ಮ ಮನೆಯವರೆಗೂ ಬರುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಲೀವೈ ಬಾರ್ಬರ್ ಎಂಬುವರ ದತ್ತಿಯಿಂದ ೧೯೧೭ರಲ್ಲಿ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಒಂದು ವಿದ್ಯಾರ್ಥಿವೇತನ ಆರಂಭವಾಯಿತು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅದರ ನೆರವಿನಿಂದಲೇ ಓದಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದ್ದ ನಮ್ಮ ರಾಜೇಶ್ವರಿಯವರು ೧೯೪೭ರಲ್ಲಿ ಸರ್ಕಾರದ ವೇತನದ ಮೇಲೆ ಹಡಗಿನಲ್ಲಿ ಹೋಗಿ, ಮಿಶಿಗನ್ನಿನಲ್ಲಿ ವಿದ್ಯುಚ್ಛಕ್ತಿ ಇಂಜಿನಿಯರಿಂಗಿನ ಸ್ನಾತಕೋತ್ತರ ಪದವಿ ಪಡೆದರು. ಮುಂದಿನ ಸಂಶೋಧನೆಗೆ ಆಸರೆಯಾದದ್ದು ಬಾರ್ಬರ್ ವೇತನ. ೧೯೫೩ರಲ್ಲಿ ಪಿಎಚ್.ಡಿ. ಪಡೆದು ಬಂದು, ಕಮಲಾ ಭಾಗವತರನ್ನು ಇಪ್ಪತ್ತು ವರ್ಷದ ಹಿಂದೆ ಬಾಗಿಲಲ್ಲಿ ನಿಲ್ಲಿಸಿದ್ದ ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ರಾಜೇಶ್ವರಿ ಚಟರ್ಜಿ ಎಂದು ಪ್ರಸಿದ್ಧರಾದ ಅವರು ಪತಿಯೊಡನೆ ಸೂಕ್ಷ್ಮತರಂಗಗಳ ಪ್ರಯೋಗಶಾಲೆ ಕಟ್ಟಿ, ಇಪ್ಪತ್ತು ಮಂದಿ ಸಂಶೋಧಕರಿಗೆ ಮಾರ್ಗದರ್ಶನ ಮಾಡಿ, ೧೯೮೨ರಲ್ಲಿ ನಿವೃತ್ತರಾದರು. ಅದೇ ಮಿಶಿಗನ್ ವಿಶ್ವವಿದ್ಯಾಲಯ ೧೯೮೦ರಲ್ಲಿ ವಿಜ್ಞಾನ ಮತ್ತು ಇಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳ ನೆರವಿಗೆಂದೇ ಪ್ರತ್ಯೇಕ ಕಚೇರಿಯನ್ನೂ ಸಿಬ್ಬಂದಿಯನ್ನೂ ಏರ್ಪಡಿಸಿತು.

ಇನ್ನು ನಮ್ಮ ದೇಶದ ಈಗಿನ ವ್ಯವಸ್ಥೆಗೆ ಬರುತ್ತೇನೆ. ಇದು ಬೇಸರದ ಭಾಗವೆನಿಸಬಹುದು, ಆದರೆ ಹೆಣ್ಣುಮಕ್ಕಳಿರುವ ಸದಸ್ಯರು ಇದನ್ನೇ ಕತ್ತರಿಸಿ ಇಟ್ಟುಕೊಳ್ಳಬೇಕು.

ಐ.ಐ.ಟಿ.ಗಳಿಗೆ ೨೦೧೬ರಲ್ಲಿ ಸೇರಿದವರಲ್ಲಿ ಹುಡುಗಿಯರು ನೂರಕ್ಕೆ ಎಂಟರಷ್ಟು ಮಾತ್ರ. ೨೦೧೮ರಿಂದ ಹುಡುಗಿಯರಿಗಾಗಿ ಹೆಚ್ಚುವರಿ ಸ್ಥಾನಗಳನ್ನು ಸೃಷ್ಟಿಸಿದರು. ಇದ್ದ ಸ್ಥಾನಗಳಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ. ಆ ವರ್ಷ ಶೇಕಡಾ ೧೪, ಮರುವರ್ಷ ೧೭, ೨೦೨೦ರಲ್ಲಿ ೨೦ ಎಂದು ಗುರಿ ಇಟ್ಟರು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ೨೦೧೪-೧೫ರಲ್ಲಿ ‘ಪ್ರಗತಿ’ ಎಂಬ ವಿದ್ಯಾರ್ಥಿವೇತನ ಆರಂಭಿಸಿತು. ಪರಿಷತ್ತಿನ ಮನ್ನಣೆಯಿರುವ ಕಾಲೇಜಿನಲ್ಲಿ ತಾಂತ್ರಿಕ ಪದವಿಗೋ ಡಿಪ್ಲೊಮಾಕ್ಕೋ ಸೇರಿದ ಹುಡುಗಿಗೆ ವರ್ಷಕ್ಕೆ ೫೦,೦೦೦ ರೂಪಾಯಿ. ಕುಟುಂಬದ ವರಮಾನ ವರ್ಷಕ್ಕೆ ೮ ಲಕ್ಷ ರೂಪಾಯಿ ಮೀರಿರಬಾರದು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೂ ಸಿಗಬಹುದು. ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಅರ್ಜಿ ಈಗ ಗಣಕಯಂತ್ರದ ಮೂಲಕವೇ ಹೋಗುತ್ತದೆ. ಆದರೆ ಅದನ್ನು ಪರಿಶೀಲಿಸಿ ದೃಢೀಕರಿಸಬೇಕಾದವರು ಕಾಲೇಜಿನ ಕಚೇರಿಯವರು. ಅವರು ಗಡುವಿನೊಳಗೆ ಮಾಡದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಹುಡುಗಿ ಅರ್ಜಿ ಕಳಿಸಿ ಸುಮ್ಮನಾಗದೆ ಹತ್ತು ದಿನ ಬಿಟ್ಟು ಹೋಗಿ ವಿಚಾರಿಸಬೇಕು.

ಪಿಎಚ್.ಡಿ. ಮಾಡುವ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೧೬ರ ನಿಯಮಾವಳಿಯಲ್ಲಿ ಮೂರು ಸೌಕರ್ಯಗಳನ್ನು ಹೇಳಿದೆ. ೨೦೨೨ರ ನಿಯಮಾವಳಿಯಲ್ಲೂ ಅವು ಉಳಿದಿವೆ. ಬಾಣಂತನಕ್ಕೋ ಮಗುವಿನ ಪಾಲನೆಗೋ ೨೪೦ ದಿನಗಳವರೆಗೆ ರಜೆ ಪಡೆಯಬಹುದು. ಪ್ರಬಂಧ ಒಪ್ಪಿಸಲು ಇತರರಿಗಿಂತ ಎರಡು ವರ್ಷ ಹೆಚ್ಚಿನ ಅವಧಿ ಸಿಗಬಹುದು. ಮದುವೆಯಾಗಿಯೋ ಬೇರೆ ಕಾರಣದಿಂದಲೋ ಊರು ಬಿಡಬೇಕಾದರೆ, ಆಗಿರುವ ಸಂಶೋಧನೆಯನ್ನು ಹೊಸ ಊರಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ವರ್ಗವಾಗುತ್ತ ಊರೂರು ತಿರುಗುವ ನಮ್ಮ ರೈಲ್ವೆಯ, ಬ್ಯಾಂಕಿನ ಸದಸ್ಯರ ಮನೆಗಳಲ್ಲಿ ಈ ಕೊನೆಯದು ಬಹಳ ಉಪಯೋಗಕ್ಕೆ ಬರುವಂಥದು. ನಾನು ಕೇಳಿದವರಲ್ಲಿ ಮುಕ್ಕಾಲುಮಂದಿಗೆ ಇದು ಗೊತ್ತಿರಲಿಲ್ಲ. ಮಕ್ಕಳಿಗಾಗಿ ಕೆಲಸ ಬಿಟ್ಟ ವಿಜ್ಞಾನ ಪದವೀಧರೆಯರನ್ನು ಮರಳಿ ಕರೆತರಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ೨೦೦೨-೦೩ರಲ್ಲಿ ಮಹಿಳಾ ವಿಜ್ಞಾನಿಗಳ ಯೋಜನೆಯನ್ನು ಆರಂಭಿಸಿತು.

ಭದ್ರತೆಯ ಮಾತನ್ನೂ ಹೇಳಬೇಕು, ತಾಯಂದಿರ ಮೊದಲನೆಯ ಭಯ ಅದೇ. ೨೦೧೩ರ ಕಾಯಿದೆಯ ಪ್ರಕಾರವೂ ೨೦೧೫ರ ಅನುದಾನ ಆಯೋಗದ ನಿಯಮದ ಪ್ರಕಾರವೂ ಪ್ರತಿಯೊಂದು ಉನ್ನತ ವಿದ್ಯಾಸಂಸ್ಥೆಯಲ್ಲಿ, ಹೆಣ್ಣುಮಕ್ಕಳಿಗೆ ಕಿರುಕುಳವಾದರೆ ದೂರು ಕೇಳುವ ಆಂತರಿಕ ಸಮ���ತಿ ಇರಲೇಬೇಕು. ಹಿರಿಯ ಅಧ್ಯಾಪಕಿಯೊಬ್ಬರು ಅದರ ಮುಖ್ಯಸ್ಥೆ. ಅಧ್ಯಾಪಕರಿಬ್ಬರು ಮಾತ್ರವಲ್ಲ, ಬೋಧಕೇತರ ನೌಕರರಿಬ್ಬರೂ ಅದರಲ್ಲಿ ಇರಬೇಕೆಂದು ನಿಯಮ ಹೇಳುತ್ತದೆ. ಅಂದರೆ ಗುಮಾಸ್ತನೋ, ಸೂಪರಿಂಟೆಂಡೆಂಟೋ, ಪ್ರಯೋಗಶಾಲೆಯ ಸಹಾಯಕಳೋ ಪ್ರಾಧ್ಯಾಪಕರ ಸರಿಸಮನಾಗಿ ಕುಳಿತು ವಿಚಾರಣೆ ನಡೆಸುತ್ತಾರೆ. ಕಾಲೇಜು ಕಚೇರಿಗಳಲ್ಲಿರುವ ನಮ್ಮ ಸದಸ್ಯರು, ಹೆಸರು ಸೂಚಿಸಿದಾಗ, ತಲೆನೋವೆಂದು ತಪ್ಪಿಸಿಕೊಳ್ಳಬಾರದು. ಮಗಳನ್ನು ಸೇರಿಸುವ ತಂದೆ ಆ ಸಮಿತಿಯವರ ಹೆಸರುಗಳ ಫಲಕ ಎಲ್ಲಿ ತೂಗುಹಾಕಿದೆಯೆಂದು ಮೊದಲ ದಿನವೇ ನೋಡಿಕೊಂಡು ಬರಬೇಕು.

ಸದಸ್ಯರ ಮಗಳ ಸಂಗತಿ ಏನಾಯಿತೆಂದು ಓದುಗರು ಕೇಳಬಹುದು. ನಾಲ್ಕು ದಿನದ ಮೇಲೆ ಅವರು ಮತ್ತೆ ಬಂದಾಗ ನಾನೂ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಕಿಟಕಿಯಲ್ಲಿದ್ದ ತರುಣ “ಹಾಸ್ಟೆಲ್ ಭರ್ತಿ” ಎಂದಷ್ಟೇ ಹೇಳಿದ. ಮುಖ್ಯ ವಾರ್ಡನ್ನರ ಹೆಸರು ಕೇಳಿಕೊಂಡು ಮಹಡಿ ಹತ್ತಿದೆವು. ವಾರ್ಡನ್ ಇರಲಿಲ್ಲ. ಅವರ ಕಚೇರಿಯಲ್ಲಿ ನಡುವಯಸ್ಸಿನ ಗುಮಾಸ್ತೆಯೊಬ್ಬರಿದ್ದರು, ಮರಾಠಿಯವರು. ಅವರು ರಿಜಿಸ್ಟರು ತೆಗೆದು, ಸೀಟು ಬಿಟ್ಟುಹೋಗುವ ಹುಡುಗಿಯರ ಕೋಣೆಗಳಿಗೆ ಎರಡನೆಯ ಪಟ್ಟಿ ಆಗುತ್ತದೆಂದೂ, ಅದಕ್ಕೆ ಬೇರೆ ಅರ್ಜಿ ಬೇಕೆಂದೂ, ಮನೆ ಐವತ್ತು ಕಿಲೋಮೀಟರಿಗಿಂತ ದೂರವಿದ್ದರೆ ಅದಕ್ಕೆ ಪುರಾವೆ ಲಗತ್ತಿಸಿದರೆ ಮೊದಲು ಪರಿಗಣಿಸುತ್ತಾರೆಂದೂ ಹೇಳಿದರು. ಕೆಳಗಿನ ಕಿಟಕಿಯವರಿಗೆ ಇದು ತಿಳಿಯದೆ ಎಂದು ನಾನು ಕೇಳಿದೆ. ಆಕೆ ನಕ್ಕರು. ಅರ್ಜಿಯ ನಮೂನೆ ಮುಗಿದಿತ್ತು. ತಮ್ಮಲ್ಲಿದ್ದ ಒಂದೇ ಪ್ರತಿಯನ್ನು ಹಿಡಿದುಕೊಂಡು ಎದ್ದು ಹೋಗಿ, ಪಕ್ಕದ ಕೋಣೆಯಲ್ಲಿ ನಕಲು ತೆಗೆದು ತಂದರು.

ಎರಡನೆಯ ಪಟ್ಟಿ ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಹೊರಬಿದ್ದಿಲ್ಲ. ಹುಡುಗಿ ಸದ್ಯಕ್ಕೆ ಸಂಘದ ಇನ್ನೊಬ್ಬ ಸದಸ್ಯರ ಮನೆಯಲ್ಲಿದ್ದುಕೊಂಡು ತರಗತಿಗೆ ಹೋಗುತ್ತಿದ್ದಾಳೆ. ‘ಪ್ರಗತಿ’ ವೇತನದ ಅರ್ಜಿಯ ವಿಷಯದಲ್ಲಿ ನೆರವು ಬೇಕಾದವರು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಅಂಕಪಟ್ಟಿ, ವರಮಾನದ ಪ್ರಮಾಣಪತ್ರ, ಪ್ರವೇಶದ ರಸೀದಿಗಳೊಂದಿಗೆ ಬಂದರೆ ನಾನು ವಾಚನಾಲಯದಲ್ಲಿ ಸಿಗುತ್ತೇನೆ. ಹೆಸರುಗಳು ತಾಳೆಯಾಗದಿದ್ದರೂ ಬನ್ನಿರಿ.